ಎಡಗಡೆಯ ಗುಳಿ

ಕೆಳಗಿನ ಅಂತಸ್ತಿನಲ್ಲಿ ಯಾರೋ ಸ್ಕ್ರೂ ಹಾಕುವ ಯಂತ್ರವನ್ನು ಪರೀಕ್ಷೆ ಮಾಡುತ್ತಿದ್ದರು. ಒಂದು ಕ್ಷಣ ಗುರ್ರೆನ್ನುವುದು, ಸುಮ್ಮನಾಗುವುದು, ಮತ್ತೆ ಗುರ್ರೆನ್ನುವುದು. ಐಸ್ ಕಾಫಿಯ ಪ್ಲಾಸ್ಟಿಕ್ ಚೀಲವನ್ನು ಬಾಯಿಯ ತನಕ ಒಯ್ದ ರಂಗ್ಸನ್ ಕುಡಿಯದೆ ಹಾಗೇ ಹಿಡಿದುಕೊಂಡು ಕೂತ. ಇವತ್ತು ದಾನ ಬಂದ ದೇಹಗಳ ಪೆಟ್ಟಿಗೆ ಮುಚ್ಚುವ ದಿನ. ಇಪ್ಪತ್ತೆರಡು ವರ್ಷಗಳಿಂದ ತಪ್ಪದೆ ಬರುತ್ತಿದ್ದ, ಬಂದು ಹೋದದ್ದೇ ಗೊತ್ತಾಗದಿದ್ದ ದಿನ. ಆದರೆ ಇವತ್ತು ಅವನ ಕಾಲಿನ ಹತ್ತಿರ, ಮೇಜಿನ ಕೆಳಗೆ, ಮುಚ್ಚಳ ಬಿಗಿದ ಒಂದು ಬಿಳಿ ಬಕೆಟ್ಟು ಇತ್ತು. ಅದರೊಳಗೆ ಫಾರ್ಮಲಿನ್ನಿನಲ್ಲಿ, ತಳದ ರಕ್ತನಾಳದ ಅಡಿಯಿಂದ ತೂರಿಸಿದ ದಾರಕ್ಕೆ ಸಿಕ್ಕಿ ತಲೆಕೆಳಗಾಗಿ ತೂಗುತ್ತಿದ್ದದ್ದು ಅವನಿಗೆ ಚಿಕ್ಕಂದಿನಲ್ಲಿ ಪಾಠ ಹೇಳಿದ ವಿಚಿಯನ್ ಮೇಷ್ಟ್ರ ಮಿದುಳು. ಹಾಗೆ ತೂಗುಹಾಕದಿದ್ದರೆ ಮಿದುಳು ತನ್ನ ಭಾರಕ್ಕೆ ತಾನೇ ಕುಸಿದು ಬಕೆಟ್ಟಿನ ತಳದಲ್ಲಿ ರೊಟ್ಟಿಯಾಗಿಬಿಡುತ್ತದೆ. ಜೀವ ಇರುವಾಗಲೂ ಅದು ನೀರಿನಲ್ಲೇ ತೇಲುತ್ತಿರುತ್ತದೆ, ಬುರುಡೆಯೊಳಗಿನ ನೀರಿನಲ್ಲಿ, ಎಂದು ಅವನು ಪ್ರತಿ ವರ್ಷ ಮೊದಲ ಪಾಠದಲ್ಲಿ ಹೇಳುತ್ತಿದ್ದ. ಹುಡುಗರು ಬರೆದುಕೊಳ್ಳುತ್ತಿದ್ದರು.

ಇದು ಇಲ್ಲಿ ಇರಬಾರದ್ದು. ಏಳನೆಯ ಮೇಜಿನ ಮೇಲೆ, ಹತ್ತಿ ಬಟ್ಟೆಯಲ್ಲಿ ಸುತ್ತಿ ಮಲಗಿಸಿದ ದೇಹದ ತಲೆಯೊಳಗೆ ಇರಬೇಕಾದ್ದು. ದೇಹ ದಾನ ಕೊಟ್ಟವರನ್ನು ಈ ವೈದ್ಯಕೀಯ ಕಾಲೇಜಿನಲ್ಲಿ ಹೆಣ ಅನ್ನುವಂತಿಲ್ಲ, ದೊಡ್ಡ ಗುರು ಅನ್ನಬೇಕು. ಮೇಜಿನ ತಲೆದೆಸೆಗೆ ಅವರ ಹೆಸರಿನ ಹಲಗೆ ಇರುತ್ತದೆ. ಹುಡುಗರು ಬೆಳಗ್ಗೆ ಹೂವಿಟ್ಟು ಕೈಮುಗಿದು, ತಪ್ಪಾದರೆ ಕ್ಷಮಿಸಿ ಎಂದು ಕೇಳಿಕೊಂಡು ಚಾಕು ಹಿಡಿಯಬೇಕು, ಸಂಜೆ ಕೈಮುಗಿದು ಹೊದಿಕೆ ಎಳೆಯಬೇಕು. ಕೆರೆದು ತೆಗೆದ ಕೊಬ್ಬಿನ ಚೂರನ್ನು ಕೂಡ ಬಿಸಾಡುವ ಹಾಗಿಲ್ಲ, ಅದು ಅದೇ ಮೇಜಿನ ಬಟ್ಟೆಚೀಲಕ್ಕೇ ಸೇರಬೇಕು. ವರ್ಷದ ಕೊನೆಗೆ ಎಲ್ಲವನ್ನೂ ಒಟ್ಟುಮಾಡಿ, ಬಂದವರು ಬಂದ ಹಾಗೇ ಇಡಿಯಾಗಿ ಬೆಂಕಿಗೆ ಹೋಗಬೇಕು. ಈ ನಿಯಮವನ್ನು ಹೊಸ ಹುಡುಗರಿಗೆ ಓದಿ ಹೇಳುವವನು ರಂಗ್ಸನ್ನೇ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದು ಎಂದುಕೊಂಡ. ಕಾಫಿಯ ಚೀಲ ಬೆವತು ಮೇಜಿನ ಮೇಲೆ ನೀರು ನಿಂತಿತ್ತು.

ಆದರೆ ಎಂಥ ಮಿದುಳು ಅದು! ಎಡಗಡೆ, ಹಣೆಯ ಭಾಗದ ಹಿಂಬದಿಗೆ, ಕಿವಿಗಿಂತ ಒಂದಿಷ್ಟು ಮುಂದೆ ಮತ್ತು ಮೇಲೆ, ಮಾತನ್ನು ಕಟ್ಟುವ ಜಾಗದಲ್ಲಿ ಒಂದು ಗುಳಿ. ಹೆಬ್ಬೆರಳಿಟ್ಟರೆ ಹೆಬ್ಬೆರಳು ಸರಿಯಾಗಿ ಕೂರುವಷ್ಟು. ಸುತ್ತಲಿನ ಮಡಿಕೆಗಳೆಲ್ಲ ತುಂಬಿಕೊಂಡು ಚೆನ್ನಾಗಿರುವಾಗ ಅದೊಂದೇ ಜಾಗದಲ್ಲಿ ರಕ್ತ ನಿಂತು, ಸತ್ತು, ಕರಗಿ, ಖಾಲಿಯಾಗಿತ್ತು. ಇಷ್ಟು ಅಚ್ಚುಕಟ್ಟಾಗಿ ಕೆಟ್ಟದ್ದು ಅವನ ಕೈಗೆ ಹಿಂದೆಂದೂ ಬಂದಿರಲಿಲ್ಲ. ಈ ವರ್ಷ ಇದನ್ನು ಅಂಗೈಯಲ್ಲಿಟ್ಟು ತೋರಿಸಿದಾಗ, ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ, ಹಿಂದಿನ ಬೆಂಚಿನವರು ಕೂಡ ಮೊಬೈಲು ಕೆಳಗಿಟ್ಟು ಎದ್ದು ಬಂದಿದ್ದರು. ಗಾಜಿನ ಜಾಡಿಯಲ್ಲಿಟ್ಟರೆ ಇನ್ನು ಐವತ್ತು ವರ್ಷ ಪಾಠ ಹೇಳುತ್ತದೆ. ಒಲೆಗೆ ಹಾಕಿದರೆ ಎಷ್ಟು ಹೊತ್ತಿನ ಮಾತು? ಹೀಗೆ ವಾದಿಸುವಾಗ ಅವನಿಗೆ ತನ್ನ ವಾದ ಸರಿ ಅನ್ನಿಸುತ್ತಿತ್ತು. ಸರಿ ಅನ್ನಿಸುತ್ತಿದ್ದದ್ದರಿಂದಲೇ ಅದರ ಬಗ್ಗೆ ಅನುಮಾನವೂ ಬರುತ್ತಿತ್ತು.

ಅವನು ಕೆಳಗಿಳಿದಾಗ ಹುಡುಗರು ಪೆಟ್ಟಿಗೆಗಳಿಗೆ ಬಿಳಿ ಬಟ್ಟೆ ಹಾಸುತ್ತಿದ್ದರು. ಕೆಲವು ಹುಡುಗಿಯರು ಅಳುತ್ತಿದ್ದರು, ಪ್ರತಿ ವರ್ಷವೂ ಅಳುತ್ತಾರೆ. ಪ್ರಯೋಗಶಾಲೆಯನ್ನು ನೋಡಿಕೊಳ್ಳುವ ಸೋಂಪಾನ್ ಮೂವತ್ತು ವರ್ಷಗಳಿಂದ ಈ ಕೆಲಸದಲ್ಲಿದ್ದವನು. ವಯಸ್ಸಿನಲ್ಲಿ ಹಿರಿಯನಾದ್ದರಿಂದ ರಂಗ್ಸನ್ ಅವನನ್ನು ಅಣ್ಣ ಎಂದು ಕರೆಯುತ್ತಿದ್ದ, ಹುದ್ದೆಯಲ್ಲಿ ಕಿರಿಯನಾದ್ದರಿಂದ ಅವನು ರಂಗ್ಸನ್‌ನನ್ನು ಆಚಾನ್, ಅಂದರೆ ಗುರುಗಳು, ಎನ್ನುತ್ತಿದ್ದ. ಸೋಂಪಾನ್ ಏಳನೆಯ ಮೇಜಿನ ಬಳಿ ನಿಂತು, ಪಟ್ಟಿ ನೋಡುತ್ತ, ಇವರದ್ದು ತಲೆಯೊಳಗೆ ಇಟ್ಟಾಯಿತೇ ಎಂದು ಕೇಳಿದ. ಇಟ್ಟಾಯಿತು, ನಾನೇ ಇಟ್ಟೆ ಎಂದ ರಂಗ್ಸನ್. ಸೋಂಪಾನ್ ಹೂಂ ಎಂದು ಗುರುತು ಹಾಕಿದ. ಆಮೇಲೆ, ತಲೆದಿಂಬನ್ನು ಸರಿಮಾಡುವ ನೆಪವೋ ಅಭ್ಯಾಸವೋ, ಸುತ್ತಿದ್ದ ತಲೆಯ ಕೆಳಗೆ ಎರಡೂ ಕೈ ಕೊಟ್ಟು ಒಂದಿಷ್ಟು ಎತ್ತಿದ. ಮಿದುಳಿರುವ ತಲೆಗೂ ಇಲ್ಲದ ತಲೆಗೂ ಇರುವ ವ್ಯತ್ಯಾಸ ಒಂದೂಕಾಲು ಕಿಲೋ ಚಿಲ್ಲರೆ. ಆ ಕೈಗಳಿಗೆ ತಕ್ಕಡಿ ಬೇಕಿರಲಿಲ್ಲ. ಅವನು ತಲೆಯನ್ನು ನಿಧಾನವಾಗಿ ಕೆಳಗಿಟ್ಟು, ಕೈಮುಗಿದು, ಇವನ ಮುಖ ನೋಡದೆ ಹೇಳಿದ:

"ಸ್ಕ್ರೂ ಹಾಕೋದು ನಾಲ್ಕು ಗಂಟೆಗೆ, ಆಚಾನ್. ಇವರ ಪೆಟ್ಟಿಗೆ ಕೊನೇಲಿ ಮಾಡ್ತೀನಿ. ಒಂದ್ಸಲ ಹಾಕಿದ್ಮೇಲೆ ನಂಗೆ ತೆಗಿಯೋಕಾಗಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಹುಡುಗರ ಎದುರು ಕೇಳಿದ್ದರೂ ಒಂದು ಉತ್ತರ ಹುಡುಕಬಹುದಿತ್ತು. ನಾಲ್ಕು ಗಂಟೆಯ ತನಕ ಸಮಯ ಕೊಟ್ಟು ಮರ್ಯಾದೆ ಉಳಿಸಿದ್ದು, ಅದೂ ಎಂಟನೆಯ ತರಗತಿ ದಾಟದ ಸೋಂಪಾನ್, ರಂಗ್ಸನ್‌ಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಹೆಸರಿನ ಹಲಗೆಯ ಮೇಲೆ ಮೇಷ್ಟ್ರು ಟೈ ಕಟ್ಟಿಕೊಂಡು ನೋಡುತ್ತಿದ್ದರು. ಅದು ನಿವೃತ್ತಿಯ ದಿನದ ಫೋಟೊ. ಅದೇ ಗಂಟುಹುಬ್ಬು. ನಾನ್ ನದಿಯ ಆಚೆ ದಡದ ಶಾಲೆಯಲ್ಲಿ, ನಾಲ್ಕನೆಯ ತರಗತಿಯಲ್ಲಿ, ಭಾಗಾಕಾರ ತಪ್ಪಿದಾಗ ಬಿದಿರಿನ ಅಡ್ಡಪಟ್ಟಿಯಿಂದ ನೆತ್ತಿಯ ಮೇಲೆ ಕುಟ್ಟಿ, "ಇದರೊಳಗೆ ಇರೋದು ಕೋಣನ ಮಿದುಳು ಕಣೋ, ಸಾರು ಮಾಡೋಕೂ ಬರಲ್ಲ" ಎಂದಿದ್ದರು. ತಲೆ ಅಂದರೆ ದೇಹದಲ್ಲೆಲ್ಲ ಪವಿತ್ರವಾದ್ದು, ಮುಟ್ಟಬಾರದ್ದು, ಮಲಗಿದವರ ತಲೆ ದಾಟಬಾರದು ಎಂದು ಮನೆಯಲ್ಲಿ ಅಜ್ಜಿ ಕಲಿಸಿದ್ದರು. ಮೇಷ್ಟ್ರಿಗೆ ಮಾತ್ರ ಎಲ್ಲರ ತಲೆಯೂ ಕುಟ್ಟುವುದಕ್ಕೇ ಇತ್ತು. ಹುಡುಗರು ನಕ್ಕಿದ್ದರು. ಅದಾದರೂ ಹೋಗಲಿ, ಹುಡುಗಾಟದ ವಯಸ್ಸು. ಡಾಕ್ಟರೇಟು ಮುಗಿಸಿ ಊರಿಗೆ ಬಂದಾಗ, ವಿಹಾರದ ಅಂಗಳದಲ್ಲಿ ಊಟಕ್ಕೆ ಕೂತ ನೂರು ಜನರ ನಡುವೆ ಮೇಷ್ಟ್ರು ಅದೇ ಕತೆಯನ್ನು ಅಭಿನಯಿಸಿ ತೋರಿಸಿದರಲ್ಲ! "ಈ ಕೋಣ ಈಗ ಬೇರೆಯವರ ಮಿದುಳು ನೋಡುತ್ತೆ" ಎಂದು. ಊರೇ ನಕ್ಕಿತು, ಹೊಸದಾಗಿ ಮದುವೆಯಾಗಿದ್ದ ಹೆಂಡತಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು, ಇವನೂ ನಕ್ಕ. ತಾನೂ ನಕ್ಕದ್ದನ್ನು ಅವನು ಇವತ್ತಿನವರೆಗೂ ಕ್ಷಮಿಸಿಕೊಂಡಿಲ್ಲ.

ಬುರುಡೆ ಕೊಯ್ಯುವ ಕೆಲಸ ಎಂದೂ ಸೋಂಪಾನ್‌ನದ್ದು. ಏಳನೆಯ ಮೇಜಿನದ್ದನ್ನು ಮಾತ್ರ ರಂಗ್ಸನ್ ತಾನೇ ಮಾಡುತ್ತೇನೆಂದು ಗರಗಸ ಇಸಿದುಕೊಂಡಿದ್ದ. ಶಿಷ್ಯನ ಭಕ್ತಿ ಎಂದು ಹುಡುಗರು ಪಿಸುಗುಟ್ಟಿಕೊಂಡರು. ಮೂಳೆಯ ಟೋಪಿ ಬಿಟ್ಟು ಬಂದಿತು, ಅದರ ಕೆಳಗೆ ಚರ್ಮದಷ್ಟು ದಪ್ಪನೆಯ ಪೊರೆ, ಅದರ ಕೆಳಗೆ ಜೇಡರ ಬಲೆಯಂಥ ಪೊರೆ, ಅದರಡಿ ಮೈಗಂಟಿಕೊಂಡ ತೆಳು ಪೊರೆ. ಮೂರನ್ನೂ ಸರಿಸಿ ನೋಡಿದರೆ ಎಲ್ಲರದರ ಹಾಗೇ ಇತ್ತು. ಬೂದು, ಮಡಿಕೆ ಮಡಿಕೆ. ಆ ಜಂಬ, ಆ ಭಾಗಾಕಾರ, ಆ ಗಂಟುಹುಬ್ಬು ಯಾವುದೂ ಎಲ್ಲಿಯೂ ಕಾಣಿಸಲಿಲ್ಲ. ಏನನ್ನು ನಿರೀಕ್ಷಿಸಿದ್ದನೋ ಅವನಿಗೇ ಗೊತ್ತಿಲ್ಲ, ಮೋಸ ಹೋದವನ ಹಾಗೆ ನಿಂತಿದ್ದ. ಆಮೇಲೆ ಎಡಗಡೆ ತಿರುಗಿಸಿದಾಗ ಗುಳಿ ಕಂಡಿತು. ಕಂಡ ಕೂಡಲೇ ಸಂತೋಷವಾಯಿತು. ಇದೇ ಅವನನ್ನು ಕೊರೆಯುತ್ತಿದ್ದದ್ದು: ಮೊದಲು ಬಂದದ್ದು ಸಂತೋಷ, ಅದೂ ಪಾಠ ಹೇಳುವವನ ಸಂತೋಷ ಮಾತ್ರವಲ್ಲ.

ಹನ್ನೆರಡಕ್ಕೆ ಲಮಿಯತ್ ದೊಡ್ಡಮ್ಮ ಬಂದಳು, ಮೇಷ್ಟ್ರ ಹೆಂಡತಿ. ಎಪ್ಪತ್ತನಾಲ್ಕರ ಮುದುಕಿ, ಎರಡು ಬಸ್ಸು ಬದಲಿಸಿ, ತೊಳೆದು ತೊಳೆದು ಬೂದುಬಣ್ಣಕ್ಕೆ ತಿರುಗಿದ ಕಪ್ಪು ರವಿಕೆ ತೊಟ್ಟು, ಬಾಳೆಯೆಲೆಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿಯ ಪೊಟ್ಟಣಗಳನ್ನು ಹಿಡಿದು ಮೊಗಸಾಲೆಯ ಬೆಂಚಿನ ತುದಿಯಲ್ಲಿ ಕೂತಿದ್ದಳು. ರಂಗ್ಸನ್ ಹತ್ತಿರ ಹೋಗಿ ಬಗ್ಗಿ ಕೈಮುಗಿದ. ಊರಿನಲ್ಲಿ ಅವಳು ಇವನನ್ನು ಹೋಗೋ ಬಾರೋ ಎನ್ನುತ್ತಿದ್ದವಳು, ಇವತ್ತು ಆಚಾನ್ ಎಂದಳು, ನೀವು ಎಂದಳು. ಹುಡುಗರು ಹೇಗೆ ಓದಿದರು, ತೊಂದರೆ ಏನೂ ಕೊಡಲಿಲ್ಲವಲ್ಲ ಇವರು ಎಂದು ಕೇಳಿದಳು, ಗಂಡ ನೆಂಟರ ಮನೆಯಲ್ಲಿ ಒಂದು ವರ್ಷ ಇದ್ದು ಬಂದ ಹಾಗೆ. ಪೊಟ್ಟಣ ಬಿಚ್ಚಿ ತಿನ್ನುವಂತೆ ಬಲವಂತ ಮಾಡಿದಳು. ಅಂಟಕ್ಕಿಯೊಳಗಿನ ಬಾಳೆಹಣ್ಣು ಬೆಂದು ಕೆಂಪಾಗಿತ್ತು. ಅವನ ಕೈಯಲ್ಲಿ ಫಾರ್ಮಲಿನ್ ವಾಸನೆ ಇತ್ತು, ಎಷ್ಟು ತೊಳೆದರೂ ಹೋಗದ್ದು. ಆದರೂ ತಿಂದ.

ಮೇಷ್ಟ್ರಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದ ಮೇಲೆ ಅವನು ಅವರನ್ನು ನೋಡಲು ಹೋದದ್ದು ಎರಡೇ ಸಲ. ಎಡಗಡೆ ಮಿದುಳು ಕೆಟ್ಟರೆ ಬಲಗಡೆ ಮೈ ಯಾಕೆ ಬೀಳುತ್ತದೆ ಎಂದು ಮೊದಲ ಸಲ ಹೋದಾಗ ಲಮಿಯತ್ ಕೇಳಿದ್ದಳು. ಕುತ್ತಿಗೆಯ ಹತ್ತಿರ ನರಗಳು ಒಂದನ್ನೊಂದು ದಾಟಿ ಆಚೆ ಈಚೆ ಆಗುತ್ತವೆ ಎಂದು ಎರಡು ಕೈಯ ಬೆರಳು ಹೆಣೆದು ತೋರಿಸಿದ್ದ. ಮೇಷ್ಟ್ರು ಚಾಪೆಯ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಅರ್ಥವೂ ಆಗುತ್ತಿತ್ತು. ಮಾತು ಮಾತ್ರ ಹೊರಡುತ್ತಿರಲಿಲ್ಲ. ನೀರು ಬೇಕೆಂದು ಹೇಳಲು ಬಾಯಿ ತೆರೆದು, ಕುತ್ತಿಗೆಯ ನರ ಉಬ್ಬಿಸಿ, ಕೊನೆಗೆ ಎಡಗೈಯಲ್ಲಿ ಚೆಂಬನ್ನು ತೋರಿಸಿ ತಲೆ ತಗ್ಗಿಸುತ್ತಿದ್ದರು. ಅಕ್ಷರಮಾಲೆ ಶುರುಮಾಡಿಕೊಟ್ಟರೆ ಮಾತ್ರ ನಲವತ್ತನಾಲ್ಕು ಅಕ್ಷರವನ್ನೂ, ಒಂದೊಂದಕ್ಕೂ ಅಂಟಿಕೊಂಡ ವಸ್ತುವಿನ ಹೆಸರು ಸೇರಿಸಿ, ಕೋಳಿ, ಮೊಟ್ಟೆ, ಬಾಟಲಿ ಎಂದು ಒಂದೂ ತಪ್ಪದೆ, ಮೂವತ್ತೆಂಟು ವರ್ಷ ತರಗತಿಯಲ್ಲಿ ಹೇಳಿದ ಅದೇ ರಾಗದಲ್ಲಿ ಕೊನೆಯ ತನಕ ಹೇಳಿಬಿಡುತ್ತಿದ್ದರು. ಉರುಹೊಡೆದದ್ದು ಬೇರೆ ದಾರಿಯಲ್ಲಿ ಬರುತ್ತದೆ, ಕಟ್ಟಿ ಆಡುವ ಮಾತಿನ ದಾರಿ ಬೇರೆ. ಇದು ಅವನಿಗೆ ಪುಸ್ತಕದಿಂದ ಗೊತ್ತಿತ್ತು. ಆದರೂ ಆ ದಿನ ಎರಡನೆಯ ಸಲ, ಮೂರನೆಯ ಸಲ ಶುರುಮಾಡಿಕೊಟ್ಟಿದ್ದ. ಪರೀಕ್ಷೆ ಮಾಡುತ್ತಿದ್ದೇನೆ ಎಂದುಕೊಂಡಿದ್ದ. ಮೇಷ್ಟ್ರು ಪ್ರತಿ ಸಲವೂ ನಿಲ್ಲಿಸಲಾರದೆ ಕೊನೆಯ ಅಕ್ಷರದ ತನಕ ಹೇಳಿ, ಹೇಳುತ್ತಲೇ ಕಣ್ಣಲ್ಲಿ ನೀರು ತುಂಬಿಕೊಂಡು ಇವನನ್ನು ನೋಡಿದರು. ಲಮಿಯತ್ ಒಳಗಿನಿಂದ ಬಂದು, ಸಾಕು ಬಿಡು, ಅವರಿಗೆ ದಣಿವಾಗುತ್ತೆ ಎಂದಳು.

ಎರಡನೆಯ ಸಲ ಹೋದದ್ದು ದಾನಪತ್ರ ತುಂಬಿಸಲು. ದೇಹ ಕೊಡುವುದು ಮೇಷ್ಟ್ರದ್ದೇ ಆಸೆ, ಮೊದಲಿನಿಂದಲೂ ಇದ್ದದ್ದು. ಕೊಟ್ಟರೆ ಈ ಹುಡುಗನ ಕೈಗೇ ಎಂದು ಎಲ್ಲರ ಹತ್ತಿರವೂ ಹೇಳಿದ್ದರಂತೆ. ರಂಗ್ಸನ್ ಒಂದೊಂದೇ ಸಾಲು ಓದಿದ, ಅವರು ಒಂದೊಂದಕ್ಕೂ ತಲೆಯಾಡಿಸಿದರು. ಯಾವುದಾದರೂ ಅಂಗವನ್ನು ಸುಡದೆ ಕಾಲೇಜು ಇಟ್ಟುಕೊಳ್ಳಬಹುದೇ ಎಂಬ ಸಾಲು ಬಂದಾಗ ಅವರು ಇಲ್ಲವೆಂದು ತಲೆ ಅಲ್ಲಾಡಿಸಿದರು. ಇನ್ನೊಮ್ಮೆ ಓದಿದ. ಇನ್ನೊಮ್ಮೆ ಅಲ್ಲಾಡಿಸಿ, ಎಡಗೈಯನ್ನು ಕಾಗದದ ಮೇಲೆ ಒತ್ತಿ, ಒಪ್ಪಿಗೆಯ ಗುರುತು ಹಾಕುವ ಚೌಕವನ್ನು ಮುಚ್ಚಿಬಿಟ್ಟರು. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಕಲಿಸುವಷ್ಟು ಕಲಿಸಿ ಪೂರ್ತಿಯಾಗಿ ಹೊರಡಬೇಕು, ಅಷ್ಟೆ. ಆ ಕಾಗದ ಈಗ ಮೇಲಿನ ಕೋಣೆಯ ಕಪಾಟಿನಲ್ಲಿ, ಎಡ ಹೆಬ್ಬೆಟ್ಟಿನ ಗುರುತಿನೊಂದಿಗೆ ಇತ್ತು. ಚೌಕ ಖಾಲಿಯಾಗಿಯೇ ಇತ್ತು.

ಬೆಂಚಿನ ಮೇಲೆ ಲಮಿಯತ್ ಎಲೆಯನ್ನು ನಾಲ್ಕು ಮಡಿಕೆ ಮಡಿಚುತ್ತಿದ್ದಳು. ಅವಳು ಕೇಳಲಿರುವುದು ಏನೆಂದು ರಂಗ್ಸನ್‌ಗೆ ಗೊತ್ತಿತ್ತು. ಎಲ್ಲ ಮನೆಯವರೂ ಅದನ್ನೇ ಕೇಳುತ್ತಾರೆ: ಎಲ್ಲ ಇದೆಯಲ್ಲ, ಏನೂ ಬಿಟ್ಟುಹೋಗಿಲ್ಲವಲ್ಲ? ಈ ಜನ್ಮದಲ್ಲಿ ಕಳಕೊಂಡ ಅಂಗ ಮುಂದಿನ ಜನ್ಮದಲ್ಲಿಯೂ ಇರುವುದಿಲ್ಲ ಎಂಬ ಭಯ ಓದಿದವರಿಗೂ ಇರುತ್ತದೆ. ಅದಕ್ಕೆ ಅವನ ಹತ್ತಿರ ಉತ್ತರ ಸಿದ್ಧವಿತ್ತು. ಎಲ್ಲ ಇದೆ ದೊಡ್ಡಮ್ಮ. ಎರಡು ಪದದ ಸುಳ್ಳು, ಸೋಂಪಾನ್‌ಗೆ ಹೇಳಿ ಅಭ್ಯಾಸವೂ ಆಗಿತ್ತು. ಆದರೆ ಅವಳು ಕೇಳಿದ್ದು ಬೇರೆ.

"ಆಚಾನ್, ಒಂದು ಮಾತು. ನಗಬೇಡಿ. ಅವರ ಮಿದುಳಲ್ಲಿ ಆ ಕೆಟ್ಟುಹೋದ ಜಾಗ ಇದೆಯಲ್ಲ, ಮಾತಿಂದು... ಅದೊಂದನ್ನ ಕೊಯ್ದು ಆಚೆ ಇಟ್ಟುಬಿಡಿ. ಮಿಕ್ಕಿದ್ದೆಲ್ಲ ಅವರ ಜೊತೆ ಹೋಗ್ಲಿ. ಆ ಕೆಟ್ಟದ್ದನ್ನ ಹೊತ್ಕೊಂಡು ಹೋದ್ರೆ ಮುಂದಿನ ಜನ್ಮದಲ್ಲೂ ಮೂಗರಾಗ್ತಾರೆ. ಮಾತಿಲ್ದೆ ನಾಲ್ಕು ವರ್ಷ ಅವರು ಪಟ್ಟಿದ್ದನ್ನ ನಾನು ನೋಡಿದೀನಿ. ಅದನ್ನ ಬೇಕಾದ್ರೆ ನೀವೇ ಇಟ್ಕೊಳ್ಳಿ, ಹುಡುಗ್ರಿಗೆ ತೋರ್ಸಿ."

ಅವನಿಗೆ ಅವಳನ್ನು ತಿದ್ದಬೇಕೆನಿಸಿತು. ಮೊದಲು ಬಂದದ್ದು ಪಾಠವೇ: ಅಲ್ಲಿ ಕೆಟ್ಟದ್ದು ಎಂಬುದು ಏನೂ ಇಲ್ಲ ದೊಡ್ಡಮ್ಮ, ಅದು ಕರಗಿ ಎಷ್ಟೋ ಕಾಲವಾಯಿತು, ಅಲ್ಲಿರುವುದು ಬರೀ ಖಾಲಿ ಜಾಗ. ಇಲ್ಲದ್ದನ್ನು ಕೊಯ್ದು ತೆಗೆಯುವುದು ಹೇಗೆ? ಖಾಲಿ ಬೇಕೆಂದರೆ ಅದರ ಸುತ್ತ ಇರುವ ಒಳ್ಳೆಯದನ್ನೆಲ್ಲ ಇಟ್ಟುಕೊಳ್ಳಬೇಕಾಗುತ್ತದೆ. ತಾನು ಮಾಡಿರುವುದು ಅದನ್ನೇ ಎಂದು ಹೊಳೆಯಿತು. ಈಗ ಹೇಳಿಬಿಡಬಹುದಿತ್ತು. ಬಕೆಟ್ಟು ಮೇಲಿದೆ, ಬನ್ನಿ, ನೀವೇ ನೋಡಿ, ಇಬ್ಬರೂ ಸೇರಿ ಅವರ ತಲೆಯೊಳಗೆ ಇಡೋಣ ಎನ್ನಬಹುದಿತ್ತು. ಇದಕ್ಕಿಂತ ಒಳ್ಳೆಯ ಸಂದರ್ಭ ದೇವರು ಬಂದರೂ ಕೊಡುತ್ತಿರಲಿಲ್ಲ.

"ಆಗ್ಲೇ ತೆಗೆದುಬಿಟ್ಟಿದೀನಿ, ದೊಡ್ಡಮ್ಮ," ಎಂದ.

ಬೆಂಕಿ ತಾಗಿದ ಕೈ ಹಿಂದಕ್ಕೆ ಬರಲು ಮಿದುಳಿನ ಅಪ್ಪಣೆ ಬೇಕಿಲ್ಲ, ಬೆನ್ನುಹುರಿಯೇ ಆ ಕೆಲಸ ಮುಗಿಸುತ್ತದೆ, ಸುಟ್ಟಿತು ಎಂಬುದು ತಲೆಗೆ ಗೊತ್ತಾಗುವುದು ಆಮೇಲೆ. ಈ ಮಾತೂ ಹಾಗೇ ಬಂದದ್ದು ಎಂದು ಅವನು ಆ ಕ್ಷಣ ನಂಬಲು ನೋಡಿದ. ಆದರೆ ಹತ್ತು ಸಾವಿರ ಹುಡುಗರಿಗಲ್ಲದಿದ್ದರೂ ಸಾವಿರ ಹುಡುಗರಿಗೆ ಹೇಳಿಕೊಟ್ಟವನು ಅವನು. ಮಾತು ಬೆನ್ನುಹುರಿಯಿಂದ ಬರುವುದಿಲ್ಲ. ಆ ಒಂದು ವಾಕ್ಯ ಕಟ್ಟಲು ಎಡಗಡೆಯ ಆ ಜಾಗ ಇಡಿಯಾಗಿ ಬೇಕು, ತುಟಿ ನಾಲಿಗೆಗೆ ಹೋಗುವ ನರಗಳೆಲ್ಲ ಬೇಕು, ಯಾರ ಮುಂದೆ ಏನು ಹೇಳಬೇಕೆಂಬ ಲೆಕ್ಕ ಹಾಕುವ ಹಣೆಯ ಭಾಗ ಬೇಕು. ಎಲ್ಲವೂ ಅವನಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಿದ್ದವು. ಮೇಷ್ಟ್ರು ಸಾಯುವ ತನಕ ಒಂದು ಲೋಟ ನೀರು ಕೇಳಲು ಒದ್ದಾಡಿದ ಜಾಗದಲ್ಲಿ ಇವನು ಉಸಿರಾಡಿದಷ್ಟು ಸಲೀಸಾಗಿ ಸುಳ್ಳು ಕಟ್ಟಿದ್ದ.

ಲಮಿಯತ್ ಬೆಂಚಿನಿಂದ ಎದ್ದಳು. ಏನಾಗುತ್ತಿದೆಯೆಂದು ಇವನಿಗೆ ತಿಳಿಯುವ ಮೊದಲೇ ಎರಡೂ ಕೈ ಜೋಡಿಸಿ, ಹೆಬ್ಬೆರಳು ಹುಬ್ಬಿಗೆ ತಾಗುವ ತನಕ ಎತ್ತಿ, ಬಗ್ಗಿ ಕೈಮುಗಿದಳು, ಭಿಕ್ಷುಗಳಿಗೆ ಮುಗಿಯುವ ಹಾಗೆ. ಹಿರಿಯರು ಮೊದಲು ಕೈಮುಗಿದರೆ ಕಿರಿಯವನ ಆಯಸ್ಸು ಕಡಿಮೆಯಾಗುತ್ತದೆ ಎನ್ನುತ್ತಾರೆ. ಮೊಗಸಾಲೆಯಲ್ಲಿ ಹೋಗುತ್ತಿದ್ದ ಹುಡುಗರು ನಿಂತು ನೋಡಿದರು. ಬೇಡ ದೊಡ್ಡಮ್ಮ, ಬೇಡ ಎಂದು ಅವಳಿಗಿಂತ ಕೆಳಗೆ ಬಗ್ಗಲು ಹೋಗಿ ಅವನ ಕನ್ನಡಕ ನೆಲಕ್ಕೆ ಬಿತ್ತು. ಅವಳೇ ಎತ್ತಿ, ರವಿಕೆಯ ಅಂಚಿನಿಂದ ಒರೆಸಿ ಕೊಟ್ಟಳು. ನಿಮ್ಮ ಕೈಗೇ ಕೊಡಬೇಕು ಅಂತ ಅವರು ಹೇಳುತ್ತಿದ್ದದ್ದು ಇದಕ್ಕೇ ಎಂದಳು.

ಮೂರೂವರೆಗೆ ಅವನು ಬಕೆಟ್ಟನ್ನು ಎತ್ತಿಕೊಂಡ. ಇದನ್ನು ಬರೆಯದೆ ಬಿಟ್ಟರೆ ಅವನಿಗೆ ಅನ್ಯಾಯವಾಗುತ್ತದೆ. ನಿಜವಾಗಿಯೂ ಎತ್ತಿಕೊಂಡ, ಬಾಗಿಲು ದಾಟಿದ, ಹಿಡಿಕೆಯ ತಂತಿ ಬೆರಳಿಗೆ ಒತ್ತುತ್ತಿದ್ದರೂ ಕೈ ಬದಲಿಸದೆ ಮೆಟ್ಟಿಲಿಳಿದ. ಒಳಗೆ ದ್ರವ ತುಳುಕುವುದು ಕೇಳಿಸುತ್ತಿತ್ತು. ಸೋಂಪಾನಣ್ಣ, ಮರೆತಿತ್ತು ಎಂದರೆ ಸಾಕು, ಅವನು ಏನೂ ಕೇಳುವವನಲ್ಲ. ಅರ್ಧ ಮೆಟ್ಟಿಲಿನ ತಿರುವಿನಲ್ಲಿ ಏಳನೆಯ ಮೇಜಿನ ಹುಡುಗಿ, ಪಿಮ್‌ದಾವ್, ಎದುರಾದಳು. ಅತ್ತು ಮೂಗು ಕೆಂಪಾಗಿತ್ತು. ದಾರಿ ಬಿಟ್ಟು ನಿಂತು ಕೈಮುಗಿದು, ಆಚಾನ್, ಹೊತ್ಕೊಂಡು ಬರಲಾ, ಅದೇನು ಎಂದಳು. ಒಂದು ವರ್ಷ ಆ ಮಿದುಳನ್ನು ಹಿಡಿದು ಓದಿದವಳು, ಪ್ರತಿ ಸಲ ಹಿಡಿಯುವ ಮೊದಲು ವಿಚಿಯನ್ ಗುರುಗಳೇ ಎಂದು ಹೆಸರು ಹೇಳಿ ಅಪ್ಪಣೆ ಕೇಳುತ್ತಿದ್ದವಳು. ಬಕೆಟ್ಟಿನ ಮೇಲೆ ಅವನದೇ ಅಕ್ಷರದಲ್ಲಿ ಏಳು ಎಂದು ಬರೆದಿತ್ತು. ಅದು ತನ್ನ ಕಾಲಿನ ಕಡೆ ಇದೆಯೋ ಅವಳ ಕಡೆ ಇದೆಯೋ ಗೊತ್ತಾಗಲಿಲ್ಲ.

"ಏನಿಲ್ಲ. ಹಳೇ ಫಾರ್ಮಲಿನ್," ಎಂದ.

ಎಲ್ಲಿಗೆ ಸುರಿಯಬೇಕು, ನಾನೇ ಸುರಿದು ಬರುತ್ತೇನೆ ಎಂದು ಅವಳು ಕೈ ಚಾಚಿದಳು. ಅವನು ಬಕೆಟ್ಟನ್ನು ಹಿಂದಕ್ಕೆ ಎಳೆದುಕೊಂಡ ರಭಸಕ್ಕೆ ಮುಚ್ಚಳದ ಸಂದಿಯಿಂದ ಚಿಮ್ಮಿ ಷರಾಯಿ ಒದ್ದೆಯಾಯಿತು. ಮಗುವಿನ ಕೈಯಿಂದ ತಿಂಡಿ ಕಸಿದುಕೊಂಡವನ ಹಾಗೆ ನಿಂತ. ಹುಡುಗಿ ಹೆದರಿ ಕ್ಷಮೆ ಕೇಳಿದಳು. ಇನ್ನು ಇದೇ ಬಕೆಟ್ಟನ್ನು ಹಿಡಿದು ಅವಳ ಹಿಂದೆಯೇ ಕೆಳಗೆ ಹೋಗುವುದು ಹೇಗೆ? ಅವಳು ಹೋಗಲಿ, ಐದು ನಿಮಿಷ ಬಿಟ್ಟು ಇಳಿದರಾಯಿತು ಎಂದು ಕೋಣೆಗೆ ವಾಪಸು ಬಂದ. ಕುರ್ಚಿಯಲ್ಲಿ ಕೂತ. ನಾಲ್ಕಕ್ಕೆ ಗುರ್ರೆನ್ನುವ ಸದ್ದು ಶುರುವಾಯಿತು. ಒಂದೊಂದು ಪೆಟ್ಟಿಗೆಗೆ ಆರು ಸಲ. ಅವನು ಪೆಟ್ಟಿಗೆಗಳ ನಡುವಿನ ಮೌನವನ್ನು ಕೇಳುತ್ತಿದ್ದ. ಕೊನೆಯದಕ್ಕಿಂತ ಮೊದಲು ಸದ್ದು ನಿಂತು ಬಹಳ ಹೊತ್ತಾಯಿತು. ಸೋಂಪಾನ್ ಕಾಯುತ್ತಿದ್ದಾನೆ. ನೋವನ್ನೆಲ್ಲ ತಿಳಿಯುವ ಅಂಗಕ್ಕೆ ತನ್ನ ಮೈಯ ನೋವು ತಿಳಿಯುವುದಿಲ್ಲ, ಎಚ್ಚರವಿರುವಾಗಲೇ ಮಿದುಳನ್ನು ಕೊಯ್ದರೂ ಮನುಷ್ಯ ಹರಟೆ ಹೊಡೆಯುತ್ತಿರಬಹುದು ಎಂಬ ವಾಕ್ಯ ಯಾಕೋ ತಲೆಯಲ್ಲಿ ಸುತ್ತುತ್ತಿತ್ತು. ಏಳಬೇಕು ಎಂದು ಕಾಲಿಗೆ ಹೇಳಿದ. ಹೇಳಿದ್ದು ಹೋಗಿ ಮುಟ್ಟಿತು, ಕಾಲು ಸರಿಯಾಗಿಯೇ ಇತ್ತು. ಅವನು ಏಳಲಿಲ್ಲ. ಆಮೇಲೆ ಆರು ಸಲ ಗುರ್ರೆಂದಿತು.

ಮರುದಿನ ದಹನ. ಹನ್ನೆರಡು ಪೆಟ್ಟಿಗೆಗಳನ್ನು ಊರಿನ ವಿಹಾರಗಳಲ್ಲಿರುವ ದಹನದ ಒಲೆಗಳಿಗೆ ಹಂಚಿದ್ದರು. ಹೆಸರು ಓದುವ ಕೆಲಸ ಎಂದಿನಂತೆ ರಂಗ್ಸನ್‌ನದ್ದು. ಏಳನೆಯ ಹೆಸರನ್ನು ಅವನು ಉಳಿದವಕ್ಕಿಂತ ಗಟ್ಟಿಯಾಗಿಯೇ ಓದಿದ. ಎಲ್ಲರೂ ಗಂಧದ ಚಕ್ಕೆಯ ಹೂವಿಟ್ಟರು, ಅವನೂ ಇಟ್ಟ. ಸೋಂಪಾನ್ ಒಲೆಯ ಬಾಗಿಲಿನ ಹತ್ತಿರ ಪೆಟ್ಟಿಗೆಗೆ ಹೆಗಲು ಕೊಟ್ಟು ನಿಂತಿದ್ದವನು ಇವನು ಹತ್ತಿರ ಬಂದಾಗ ಬೇರೆ ಕಡೆ ನೋಡಿದ. ಅಣ್ಣ ಎಂದು ಕರೆದದ್ದು ಅವನಿಗೆ ಕೇಳಿಸಲಿಲ್ಲ ಎಂದೇ ಇಟ್ಟುಕೊಳ್ಳಬೇಕು.

ಅದರ ಮರುದಿನ ಬೆಳಗ್ಗೆ ಬೂದಿ ಕೂಡಿಸಲು ಬರಬೇಕೆಂದು ಲಮಿಯತ್ ಹೇಳಿ ಕಳಿಸಿದ್ದಳು. ಮಕ್ಕಳಿಲ್ಲದ ಮನೆ, ಮಗನ ಜಾಗದಲ್ಲಿ ನಿಲ್ಲಲು ಶಿಷ್ಯನನ್ನಲ್ಲದೆ ಇನ್ನಾರನ್ನು ಕರೆಯುತ್ತಾಳೆ? ವಿಹಾರದ ಹಿಂಬದಿಯಲ್ಲಿ ತಗಡಿನ ತಟ್ಟೆಯಲ್ಲಿ ಮೇಷ್ಟ್ರ ಬೂದಿ, ಮೂಳೆಯ ಚೂರುಗಳು ಇನ್ನೂ ಬೆಚ್ಚಗಿದ್ದವು. ಬಾಳೆಯೆಲೆಯ ಮೇಲೆ ಅದನ್ನು ಮನುಷ್ಯನ ಆಕಾರಕ್ಕೆ ಹರಡಬೇಕು, ಮೊದಲು ತಲೆ ಪಶ್ಚಿಮಕ್ಕೆ, ಸತ್ತವನ ಹಾಗೆ. ಭಿಕ್ಷು ಮಂತ್ರ ಹೇಳಿದ ಮೇಲೆ ಕೆಡಿಸಿ, ತಲೆ ಪೂರ್ವಕ್ಕೆ ಬರುವಂತೆ ಹೊಸದಾಗಿ ಮಾಡಬೇಕು, ಹುಟ್ಟುವವನ ಹಾಗೆ. ಲಮಿಯತ್ ಕಾಲು ಮಾಡಿದಳು, ಕೈ ಮಾಡಿದಳು, ಲಕ್ವ ಹೊಡೆದ ಬಲಗೈಯನ್ನು ಎಡಗೈಗಿಂತ ದಪ್ಪಗೆ ಮಾಡಿದಳು. ಆಮೇಲೆ ತಟ್ಟೆಯನ್ನು ಇವನ ಕಡೆ ಸರಿಸಿದಳು.

"ತಲೆ ಮಾತ್ರ ನೀವೇ ಮಾಡಿ, ಆಚಾನ್. ಅವರ ತಲೆ ನಿಮಗೆ ಗೊತ್ತಿರೋಷ್ಟು ಇನ್ಯಾರಿಗೆ ಗೊತ್ತು?"

ರಂಗ್ಸನ್ ಬೊಗಸೆಯಲ್ಲಿ ತೆಗೆದುಕೊಂಡ. ಹಿಟ್ಟಿನಷ್ಟು ಹಗುರ. ಉಂಡೆಯಾಗಿ ಇಟ್ಟು, ಹಣೆ, ಕೆನ್ನೆ, ಹಿಂದಲೆ ಎಂದು ತಟ್ಟಿದ. ಹಿಂದಕ್ಕೆ ಸರಿಯುವಾಗ ಊರಿದ ಹೆಬ್ಬೆರಳು ಬೂದಿಯಲ್ಲಿ ಇಳಿಯಿತು. ಅವನೂ ನೋಡಿದ, ಅವಳೂ ನೋಡಿದಳು. ಎಡಗಡೆ, ಕಿವಿ ಇರಬೇಕಾದ ಜಾಗಕ್ಕಿಂತ ಒಂದಿಷ್ಟು ಮುಂದೆ.

ಅಲ್ಲಿ ತಗ್ಗಾಯಿತು, ತುಂಬಿಬಿಡಿ ಎಂದಳು ಲಮಿಯತ್, ಇನ್ನು ಅವರಿಗೆ ಅಲ್ಲಿ ಏನೂ ಕಮ್ಮಿ ಇರಬಾರದು. ತಟ್ಟೆ ಖಾಲಿಯಾಗಿತ್ತು. ಅವನು ಕಾಲಿನ ಕಡೆಯಿಂದ ಒಂದು ಚಿಟಿಕೆ ತೆಗೆದು ತುಂಬಿದ. ಸಾಲಲಿಲ್ಲ, ಇನ್ನೊಂದು ಚಿಟಿಕೆ ತೆಗೆದ. ಭಿಕ್ಷು ಮಂತ್ರ ಮುಗಿಸಿ ಸನ್ನೆ ಮಾಡಿದಾಗ ಅವಳು ಅಂಗೈಯಿಂದ ಎಲ್ಲವನ್ನೂ ಒಂದಾಗಿ ಎಳೆದಳು, ಪೂರ್ವದ ಕಡೆ ತಿರುಗಿ ಕೂತಳು, ಕೈಕಾಲು ಮುಗಿಸಿ ಮತ್ತೆ ಇವನಿಗಾಗಿ ಕಾದಳು. ಬಿಸಿಲು ನೇರವಾಗಿ ಕಣ್ಣಿಗೆ ಬೀಳುತ್ತಿತ್ತು. ಈ ಸಲ ಅವನು ಎಲ್ಲಿಯೂ ತಗ್ಗು ಬೀಳದಂತೆ, ಬಹಳ ಜಾಗರೂಕನಾಗಿ, ಎರಡೂ ಕಡೆ ಸಮನಾಗಿ ತಲೆ ಮಾಡಿದ. ಲಮಿಯತ್ ಅದನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿ, ಸಮಾಧಾನವಾಗಿ, ಎಷ್ಟೋ ವರ್ಷಗಳ ಮೇಲೆ ಅವನನ್ನು ಏಕವಚನದಲ್ಲಿ ಮಾತಾಡಿಸಿದಳು.

"ಚೆನ್ನಾಗಿ ಮಾಡಿದೆ ಕಣೋ. ಮೇಷ್ಟ್ರು ಇದ್ದಿದ್ರೆ ಮೆಚ್ಕೋತಿದ್ರು."